ತೊಟ್ಟಿಯ ಚೆಲುವೆ, ಕೆರೆಯ ವೈರಿ

ನೇರಳೆ ಹೂಗೊಂಚಲು, ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟು. ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ವಾಟರ್ ಹಯಸಿಂತ್ ಈ ಚೆಲುವಿನಿಂದಲೇ ದೇಶದೇಶಗಳ ಕೊಳ ಸೇರಿತು. ಎಲೆಯ ತೊಟ್ಟನ್ನು ಸೀಳಿ ನೋಡಿ: ಒಳಗೆ ಸ್ಪಂಜಿನಂತೆ ಗಾಳಿಗೂಡುಗಳು. ತೇಲುವ ಗುಟ್ಟು ಅದೇ.

ಅನುಕೂಲ ಸಿಕ್ಕರೆ ಎರಡು ವಾರಕ್ಕೆ ಇದು ಇಮ್ಮಡಿ. ಲೆಕ್ಕ ಹಾಕಿ, ಒಂದು ಗಿಡ 20 ವಾರದಲ್ಲಿ 1024! ನೀರಿನಲ್ಲಿ ಆಮ್ಲಜನಕ ಇಳಿದು ಮೀನುಗಳು ಉಸಿರುಗಟ್ಟುತ್ತವೆ. ಕೊಳಚೆ ಹರಿದುಬರುವ ಕೆರೆಯಂತೂ ಇದಕ್ಕೆ ಹಬ್ಬದೂಟ. ಕಿತ್ತೆಸೆದರೂ ಕೆಸರಿನಲ್ಲಿ ಬೀಜ ವರ್ಷಗಟ್ಟಲೆ ಕಾದಿರುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಗಿಡವನ್ನು ಮೇಯುವ ನಿಯೊಕೆಟಿನಾ ಎಂಬ ಮೂತಿಹುಳುವನ್ನು ಹೊರದೇಶದಿಂದ ತರಿಸಿ ಕೆರೆಗಳಿಗೆ ಬಿಟ್ಟರು. ಕೆಂಗೇರಿ ಕೆರೆಯಲ್ಲಿ ಮೂರು ವರ್ಷದೊಳಗೆ ಕಳೆ ಹಿಡಿತಕ್ಕೆ ಬಂತು. ಆದರೆ ಕೊಳಚೆ ನಿಲ್ಲದ ಕಡೆ ಹುಳುವೊಂದೇ ಏನು ಮಾಡೀತು?

ಬೆಳೆಸಿ ನೋಡುವ ಆಸೆಯೇ? ತಾರಸಿಯ ಮೇಲೆ ಒಂದು ಸಿಮೆಂಟ್ ತೊಟ್ಟಿ ಸಾಕು. ವಾರಕ್ಕೊಮ್ಮೆ ಗಿಡ ಎಣಿಸಿ ಗ್ರಾಫ್ ಬರೆಯಿರಿ. ಸೊಳ್ಳೆಮರಿಗಳಿಗೆಂದು ನಾಲ್ಕು ಗಪ್ಪಿ ಮೀನು ಬಿಡಿ. ಹೆಚ್ಚಾದ ಗಿಡಗಳನ್ನು ಬೀಜ ಕಟ್ಟುವ ಮುನ್ನವೇ ತೆಗೆದು, ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ತೊಟ್ಟಿ ತೊಳೆದ ನೀರನ್ನೂ ಚರಂಡಿಗೆ ಬಿಡದೆ ಹೂಕುಂಡಗಳಿಗೆ ಸುರಿಯಿರಿ.