ಕಪ್ಪು-ಬಿಳುಪು ಆಟಕ್ಕೆ ಬಣ್ಣ ಬಂದ ಬಗೆ

ಹಳೆಯ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸ ಕಂಪ್ಯೂಟರಿನಿಂದ ಶುರುವಾದದ್ದಲ್ಲ. 1839ರಲ್ಲಿ ಛಾಯಾಚಿತ್ರಣ ಲೋಕಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಚಿತ್ರದ ಕೆನ್ನೆಗೆ ಕುಂಚದಿಂದ ಕೆಂಪು ತಾಗಿಸುವವರೂ ಹುಟ್ಟಿಕೊಂಡರು. ಭಾರತದ ಸ್ಟುಡಿಯೋಗಳಲ್ಲಿ ಈ ಕಸುಬು ಚಿತ್ರಕಾರರ ಕೈಸೇರಿತು. ಪೇಟ, ಜರಿಯಂಚು, ಒಡವೆಗಳ ಮೇಲೆ ಅವರು ಬಳಿದ ಬಣ್ಣ ಕೆಲವೊಮ್ಮೆ ಅಡಿಯ ಫೋಟೋವನ್ನೇ ಮುಚ್ಚಿಬಿಡುತ್ತಿತ್ತು. ಸೊಲ್ಲಾಪುರದ ಬಳಿಯ ಅಕ್ಕಲಕೋಟೆಯ ಸಂತ ಸ್ವಾಮಿ ಸಮರ್ಥರು ಸಮಾಧಿಸ್ಥರಾದದ್ದು 1878ರಲ್ಲಿ, ಬಣ್ಣದ ಫೋಟೋ ಬಳಕೆಗೆ ಬರುವುದಕ್ಕೆ ಎಷ್ಟೋ ಮೊದಲು. ಹಾಗಾಗಿ ಭಕ್ತರ ಮನೆಗಳಲ್ಲಿರುವ ಅವರ ವರ್ಣಪಟಗಳ ಬಣ್ಣ ಕ್ಯಾಮೆರಾ ಹಿಡಿದದ್ದಲ್ಲ, ಯಾರೋ ತುಂಬಿದ್ದು.

ಆಟದ ಚಿತ್ರಗಳಿಗೆ ಈ ಭಾಗ್ಯ ತಡವಾಗಿ ಒದಗಿತು. ಸೊಲ್ಲಾಪುರದ ಮಟ್ಟಿಗೆ ಅಂಥ ಚಿತ್ರಗಳಲ್ಲಿ ಮೊದಲು ನೆನಪಾಗಬೇಕಾದ ಮುಖ ಕ್ರಿಕೆಟಿಗ ಪಾಲಿ ಉಮ್ರಿಗರ್ ಅವರದು. 1926ರ ಮಾರ್ಚ್ 28ರಂದು ಅವರು ಹುಟ್ಟಿದ್ದು ಇದೇ ಊರಿನಲ್ಲಿ. 1955ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ 223 ರನ್ ಗಳಿಸಿ, ಟೆಸ್ಟ್ ಪಂದ್ಯದಲ್ಲಿ ದ್ವಿಶತಕ ಹೊಡೆದ ಮೊದಲ ಭಾರತೀಯರಾದರು. 59 ಟೆಸ್ಟ್‌ಗಳಲ್ಲಿ 3,631 ರನ್, 12 ಶತಕ. ಇಷ್ಟು ದೊಡ್ಡ ಆಟವನ್ನು ಇಂದಿನವರು ನೋಡುವುದು ಹೆಚ್ಚಾಗಿ ಬೂದುಬಣ್ಣದಲ್ಲೇ.

ಬಿಳಿ ಉಡುಪಿನ ಕ್ರಿಕೆಟ್ ಚಿತ್ರಕ್ಕೆ ಬಣ್ಣ ಹಚ್ಚುವುದು ಸುಲಭ ಅನ್ನಿಸಬಹುದು. ಕಷ್ಟ ಇರುವುದೇ ಅಲ್ಲಿ. ಫ್ಲಾನೆಲ್ ಪ್ಯಾಂಟಿನ ಬಿಳುಪು ಕೆನೆಯ ಕಡೆಗೆ ವಾಲುತ್ತದೆ. ಅಂಗಿಯ ಮಡಿಕೆಯ ನೆರಳಿಗೆ ಆಕಾಶದ ತಿಳಿನೀಲಿ ಸೇರಿರುತ್ತದೆ. ಅಗಸೆ ಎಣ್ಣೆ ಕುಡಿದ ಬ್ಯಾಟು ಹೊಂಬಣ್ಣಕ್ಕೆ ತಿರುಗಿರುತ್ತದೆ. ದಖ್ಖನಿನ ಬಿಸಿಲಿಗೆ ಒಣಗಿದ ಮೈದಾನಕ್ಕೆ ಇಂಗ್ಲೆಂಡಿನ ಹಸಿರು ಬಳಿದರೆ ಚಿತ್ರ ಸುಳ್ಳಾಗುತ್ತದೆ.

ಕುಸ್ತಿಯ ಚಿತ್ರಗಳಲ್ಲಿ ಈ ತೊಡಕು ಇನ್ನೂ ಎದ್ದು ಕಾಣುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯದು ಎರೆಭೂಮಿ, ಆದರೆ ಕುಸ್ತಿಯ ಅಖಾಡಕ್ಕೆ ಬೇಕಾದದ್ದು ಕೆಮ್ಮಣ್ಣು. ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡುತ್ತಾರೆ. ಪಟ್ಟು ಬಿಗಿದಾಗ ಪೈಲ್ವಾನರ ಬೆನ್ನು, ತೊಡೆ, ಕೂದಲಿಗೆಲ್ಲ ಆ ಮಣ್ಣು ಮೆತ್ತಿಕೊಳ್ಳುತ್ತದೆ. ಬೂದುಚಿತ್ರದಲ್ಲಿ ಮೈ ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಯಿತು ಎಂದು ಹೇಳಬಲ್ಲವರು ಗರಡಿಯ ಮಣ್ಣನ್ನು ಕಂಡವರೇ.

ಫಿಲ್ಮಿನ ಗುಣವೂ ದಾರಿ ತಪ್ಪಿಸುತ್ತದೆ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಕೆಂಪು ಲಂಗೋಟಿ, ಕೆಂಪು ಚೆಂಡು ಅದರಲ್ಲಿ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗೆ ಮೂಡುತ್ತಿದ್ದವು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಬಳಕೆಗೆ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಆದ್ದರಿಂದ ಬಣ್ಣ ಹಚ್ಚುವ ಮೊದಲು ಚಿತ್ರದ ಕಾಲವನ್ನು ಗೊತ್ತುಮಾಡಿಕೊಳ್ಳಲೇಬೇಕು.

ಕುಂಚದ ಜಾಗಕ್ಕೆ ಕಂಪ್ಯೂಟರ್ ಬಂದಾಗ ಭಾರತದಲ್ಲಿ ಮೊದಲು ಬಣ್ಣ ಕಂಡದ್ದು ಸಿನಿಮಾ. 2004ರಲ್ಲಿ ‘ಮುಘಲ್-ಎ-ಆಜಮ್’, 2008ರಲ್ಲಿ ಡಾ. ರಾಜಕುಮಾರ್ ಅವರ 1965ರ ‘ಸತ್ಯ ಹರಿಶ್ಚಂದ್ರ’ ಬಣ್ಣದಲ್ಲಿ ಮರಳಿ ತೆರೆಗೆ ಬಂದವು. 2016ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಹತ್ತು ಲಕ್ಷಕ್ಕೂ ಹೆಚ್ಚು ಬಣ್ಣದ ಚಿತ್ರಗಳನ್ನು ತೋರಿಸಿ, ತಾನಾಗಿ ಬಣ್ಣ ಊಹಿಸುವುದನ್ನು ಯಂತ್ರಕ್ಕೆ ಕಲಿಸಿದರು. 2018ರಲ್ಲಿ ಬಂದ ‘ಡಿಓಲ್ಡಿಫೈ’ ಎಂಬ ತಂತ್ರಾಂಶ ಈ ವಿದ್ಯೆಯನ್ನು ಹವ್ಯಾಸಿಗಳವರೆಗೂ ತಲುಪಿಸಿತು.

ಯಂತ್ರ ಮೂಲಚಿತ್ರದ ಬೆಳಕು-ನೆರಳನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ ಬಣ್ಣವನ್ನಷ್ಟೇ ಊಹಿಸುತ್ತದೆ. ಒಂದೇ ಬೂದುಛಾಯೆಗೆ ಹಲವು ಬಣ್ಣಗಳು ಹೊಂದುವುದರಿಂದ, ಸಂಶಯ ಬಂದಲ್ಲೆಲ್ಲ ಅವುಗಳ ಸರಾಸರಿಯತ್ತ ಜಾರುತ್ತದೆ. ಮಸುಕು ಕಂದು ಬರುವುದು ಹೀಗೆ. ಕಲಿತ ಚಿತ್ರಗಳಲ್ಲಿ ಭಾರತದ ಮೈಬಣ್ಣಗಳು ಕಡಿಮೆಯಿದ್ದರೆ ಆಟಗಾರನ ಮುಖ ಬೇರೆ ನಾಡಿನವರದಾಗಿಬಿಡುತ್ತದೆ. ಇದು ಸಣ್ಣ ತಪ್ಪಲ್ಲ, ಆ ಮನುಷ್ಯನಿಗೆ ಮಾಡುವ ಅನ್ಯಾಯ.

ಹಾಗಾಗಿ ಒಳ್ಳೆಯ ಕೆಲಸಗಾರರು ಯಂತ್ರ ಕೊಟ್ಟ ಬಣ್ಣವನ್ನು ಕರಡೆಂದೇ ಎಣಿಸುತ್ತಾರೆ. ಆ ಕಾಲದ ಟೋಪಿ, ಲಾಂಛನಗಳನ್ನು ನೋಡಿ, ಹಿರಿಯ ಆಟಗಾರರನ್ನು ಕೇಳಿ, ಮೈ, ಮಣ್ಣು, ಬಟ್ಟೆಗಳನ್ನು ಬೇರೆ ಬೇರೆ ಪದರಗಳಲ್ಲಿ ತಿದ್ದುತ್ತಾರೆ. ಮೂಲದ ಸ್ಕ್ಯಾನನ್ನು ಮುಟ್ಟದೆ ಪ್ರತ್ಯೇಕವಾಗಿ ಉಳಿಸುತ್ತಾರೆ. ಬಣ್ಣದ ಪ್ರತಿಯ ಕೆಳಗೆ ‘ನಂತರ ಬಣ್ಣ ತುಂಬಿದ್ದು’ ಎಂದು ನಮೂದಿಸಿ, ಖಚಿತ ಆಧಾರವಿರುವ ಬಣ್ಣ ಯಾವುದು, ಅಂದಾಜಿನದು ಯಾವುದು ಎಂದೂ ಬರೆದಿಡುತ್ತಾರೆ.