ಕುರಿ, ನಾಯಿ ಮತ್ತು ನೀರುಗುಳ್ಳೆ

ಮಕ್ಕಳೇ, ನವಲಗುಂದ ತಾಲ್ಲೂಕಿನ ತಿರ್ಲಾಪುರದ ಕಡೆ ಕುರಿಹಿಂಡಿದ್ದಲ್ಲಿ ನಾಯಿಯೂ ಇರುತ್ತದೆ. ಕೆಲವು ನಾಯಿಗಳ ಕರುಳಿನಲ್ಲಿ ಅರ್ಧ ಸೆಂಟಿಮೀಟರಿನಷ್ಟೇ ಉದ್ದದ ಲಾಡಿಹುಳುವಿರುತ್ತದೆ, ಹೆಸರು ಎಕಿನೊಕಾಕಸ್. ನಾಯಿಯ ಮಲದಲ್ಲಿ ಬೀಳುವ ಅದರ ಮೊಟ್ಟೆ ಹುಲ್ಲಿನಿಂದ ಕುರಿಯ ಹೊಟ್ಟೆಗೆ, ತೊಳೆಯದ ಕೈಯಿಂದ ನಮ್ಮ ಹೊಟ್ಟೆಗೆ ಸೇರುತ್ತದೆ. ಮರಿಹುಳು ರಕ್ತದಲ್ಲಿ ಸಾಗಿ, ಹೆಚ್ಚಾಗಿ ಯಕೃತ್ತಿನಲ್ಲಿ ನೀರುಗುಳ್ಳೆಯಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಅಪರೂಪಕ್ಕೆ ಮಿದುಳು, ಮೂಳೆ, ಹೃದಯ, ತೊಡೆಯಲ್ಲೂ ಸಿಗುವುದುಂಟು.

ಬರೀ ಗಂಟೆಂದು ಅದನ್ನು ಚುಚ್ಚಬಾರದು. ಒಳಗಿನ ನೀರು ಚೆಲ್ಲಿದರೆ ಜೀವಕ್ಕೇ ಅಪಾಯ. ಹೊಸ ಗುಳ್ಳೆಗಳೂ ಏಳಬಹುದು. ಶಸ್ತ್ರವೈದ್ಯರು ಅಲ್ಬೆಂಡಜೋಲ್ ಮಾತ್ರೆ ಕೊಟ್ಟು, ಮರಿಹುಳು ಕೊಲ್ಲುವ ಗಾಢ ಉಪ್ಪುನೀರಿನ ಬಟ್ಟೆಯನ್ನು ಸುತ್ತಲೂ ಇಟ್ಟು, ಗುಳ್ಳೆ ತೆಗೆಯುತ್ತಾರೆ.

ಅಜ್ಜ-ಅಜ್ಜಿಯರೇ, ಕೊಯ್ದ ಕುರಿಯ ಗುಳ್ಳೆಬಿದ್ದ ಯಕೃತ್ತನ್ನು ನಾಯಿಗೆ ಹಾಕದೆ ಆಳವಾಗಿ ಹೂಳಿಸಿ. ನಾಯಿಗೆ ಜಂತಿನ ಔಷಧ ಕೊಡಿಸಿ. ಮಕ್ಕಳೇ, ನಾಯಿಯನ್ನು ಮುದ್ದಿಸಿರಿ; ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.