ವಿನ್ಯಾಸದ ಪುಸ್ತಕ ನೋಡಿ ಸ್ವೆಟರ್ ಹೆಣೆಯುವ ಮುನ್ನ

ಮಾಗಿಯ ಚಳಿ ಬರುವ ಹೊತ್ತಿಗೆ ಮಕ್ಕಳ ಮೈಮೇಲೆ ಸ್ವೆಟರ್ ಇರಬೇಕಾದರೆ ದಸರೆಯ ಸುಮಾರಿಗೇ ಹೆಣಿಗೆ ಆರಂಭಿಸುವುದು ಒಳ್ಳೆಯದು. ನಿಮ್ಮ ಮನೆಯಲ್ಲಿ ಹೆಣಿಗೆ ಬಲ್ಲವರಿದ್ದು, ವಿನ್ಯಾಸಗಳ ಪುಸ್ತಕವೊಂದು ಕೈಗೆ ಸಿಕ್ಕಿದ್ದರೆ ಮೊದಲು ಒಂದು ಮಾತು ತಿಳಿದಿರಲಿ. ಇಂತಹ ಪುಸ್ತಕದಲ್ಲಿ ಇರುವುದು ವಿನ್ಯಾಸ ಮಾತ್ರ, ಸ್ವೆಟರ್ ಅಲ್ಲ. ಎಷ್ಟು ಕುಣಿಕೆ ಹಾಕಬೇಕು, ಎಷ್ಟು ಉಲ್ಲನ್ ಕೊಳ್ಳಬೇಕು ಎಂಬುದನ್ನು ಅದು ಹೇಳುವುದಿಲ್ಲ. ಆ ಲೆಕ್ಕ ಹೆಣೆಯುವವರದೇ. ಲೆಕ್ಕ ತಪ್ಪಿದರೆ ಎಷ್ಟೋ ದಿನಗಳ ಕೆಲಸವನ್ನು ಬಿಚ್ಚಬೇಕಾಗುತ್ತದೆ, ಇಲ್ಲವೇ ಉಲ್ಲನ್ ನಡುವೆಯೇ ಮುಗಿದು ಅದೇ ಬಣ್ಣಕ್ಕಾಗಿ ಪೇಟೆ ಅಲೆಯಬೇಕಾಗುತ್ತದೆ.

ಗಂಡಸರು ಈ ಪುಟವನ್ನು ಹಾಗೆಯೇ ತಿರುವಿಬಿಡಬೇಕಾಗಿಲ್ಲ. ಫ್ರಾನ್ಸ್ ದೇಶದ ಲಾಂದ್ ಪ್ರಾಂತ್ಯದ ಕುರಿಗಾಹಿಗಳು ಹಿಂದೆ ಮರಗಾಲುಗಳ ಮೇಲೆ ನಿಂತು ಮಂದೆ ಕಾಯುತ್ತಲೇ ಹೆಣಿಗೆ ಮಾಡುತ್ತಿದ್ದರು. ನಮ್ಮ ಕುರುಬರು ಕುರಿಯ ಹಿಂದೆ ನಡೆಯುತ್ತಲೇ ಉಣ್ಣೆ ನೂಲುವುದನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ನಮ್ಮಲ್ಲಿ ಆ ನೂಲು ಮಗ್ಗಕ್ಕೆ ಹೋಗಿ ಕಂಬಳಿಯಾಯಿತು, ಅಲ್ಲಿ ಕಡ್ಡಿಗೆ ಬಂತು, ಅಷ್ಟೇ ವ್ಯತ್ಯಾಸ.

ವಿನ್ಯಾಸ ಪುಸ್ತಕಗಳಲ್ಲಿ ಹೆಸರಾದುದು ಅಮೆರಿಕದ ಬಾರ್ಬರಾ ವಾಕರ್ 1968ರಲ್ಲಿ ಪ್ರಕಟಿಸಿದ ‘ಎ ಟ್ರೆಷರಿ ಆಫ್ ನಿಟ್ಟಿಂಗ್ ಪ್ಯಾಟರ್ನ್ಸ್’. ಅದರಲ್ಲಿ ಐನೂರಕ್ಕೂ ಹೆಚ್ಚು ವಿನ್ಯಾಸಗಳಿವೆ. 1970ರಲ್ಲಿ ಎರಡನೆಯ ಸಂಪುಟ ಬಂದಿತು. ಸೀದಾ-ಉಲ್ಟಾ ಕುಣಿಕೆಗಳಿಂದಲೇ ಆಗುವ ಸರಳ ವಿನ್ಯಾಸಗಳು ಮೊದಲು, ಜಡೆಯಂತೆ ತಿರುಚುವ ಕೇಬಲ್ ವಿನ್ಯಾಸಗಳು ಕೊನೆಗೆ. ಹೊಸಬರು ಚಿತ್ರದ ಅಂದಕ್ಕೆ ಮರುಳಾಗಿ ಕೊನೆಯ ಅಧ್ಯಾಯದಿಂದ ಆರಂಭಿಸದಿರುವುದೇ ಲೇಸು.

ಪುಸ್ತಕ ಯಾವ ದೇಶದ್ದೆಂದು ಮೊದಲೇ ನೋಡಿಕೊಳ್ಳಿ. ನಮ್ಮ ಅಂಗಡಿಗಳ ಕಡ್ಡಿಗಳಿಗೆ ಸಾಮಾನ್ಯವಾಗಿ ಹಳೆಯ ಬ್ರಿಟಿಷ್ ನಂಬರು ಇರುತ್ತದೆ. ಅದರಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ತೆಳ್ಳಗಾಗುತ್ತದೆ, ಅಮೆರಿಕದ ಕ್ರಮದಲ್ಲಿ ದಪ್ಪಗಾಗುತ್ತದೆ. ಬ್ರಿಟಿಷ್ 8ನೇ ನಂಬರು 4 ಮಿ.ಮೀ., ಅಮೆರಿಕದ 8ನೇ ನಂಬರು 5 ಮಿ.ಮೀ. ಆದುದರಿಂದ ನಂಬರನ್ನು ಬಿಟ್ಟು ಮಿಲಿಮೀಟರನ್ನೇ ನಂಬಬೇಕು. ಹೆಸರುಗಳಲ್ಲಿಯೂ ಇದೇ ತೊಡಕು. ಬ್ರಿಟಿಷರು ಮಾಸ್ ಸ್ಟಿಚ್ ಎನ್ನುವುದನ್ನು ಅಮೆರಿಕದವರು ಸೀಡ್ ಸ್ಟಿಚ್, ಅಂದರೆ ಬೀಜದ ಹೆಣಿಗೆ, ಎನ್ನುತ್ತಾರೆ.

ಬರಹದ ಸಂಕೇತಗಳು ಕಷ್ಟವೇನಲ್ಲ. ‘ಕೆ’ ಎಂದರೆ ಸೀದಾ, ‘ಪಿ’ ಎಂದರೆ ಉಲ್ಟಾ. ನಕ್ಷತ್ರದ ಗುರುತಿನಿಂದ ಮುಂದಿನದನ್ನು ಸಾಲು ಮುಗಿಯುವವರೆಗೆ ಮತ್ತೆ ಮತ್ತೆ ಹೆಣೆಯಬೇಕು. ಚೌಕಳಿಯ ನಕ್ಷೆ ಇದ್ದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಸೀದಾ ಬದಿಯ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿಯ ಸಾಲನ್ನು ಎಡದಿಂದ ಬಲಕ್ಕೆ. ಇಂಗ್ಲಿಷ್ ಬಾರದವರಿಗೂ ನಕ್ಷೆ ಎಟಕುತ್ತದೆ. ಆದುದರಿಂದ ಕೊಳ್ಳುವಾಗ ನಕ್ಷೆಗಳಿರುವ ಪುಸ್ತಕವನ್ನೇ ಆರಿಸಿ.

ಬೇಲಿಯ ಲೆಕ್ಕ

ಪ್ರತಿ ವಿನ್ಯಾಸದ ತಲೆಯ ಮೇಲೆ ‘6ರ ಗುಣಕ, ಜೊತೆಗೆ 1’ ಎಂಬಂತಹ ಸೂಚನೆ ಇರುತ್ತದೆ. ಇದು ರೈತರಿಗೆ ಹೊಸದಲ್ಲ. ಹತ್ತು ಅಂಕಣದ ಬೇಲಿಗೆ ಹನ್ನೊಂದು ಗೂಟ ಬೇಕಲ್ಲವೇ? ಕೊನೆಯ ಗೂಟವಿಲ್ಲದೆ ಬೇಲಿ ನಿಲ್ಲದಂತೆ, ಆ ಒಂದು ಕುಣಿಕೆ ಇಲ್ಲದೆ ವಿನ್ಯಾಸದ ಎರಡು ಬದಿಗಳು ಸಮನಾಗುವುದಿಲ್ಲ. ಹೊಲಿದು ಜೋಡಿಸಲು ಪ್ರತಿ ಬದಿಗೆ ಒಂದೊಂದು ಅಂಚಿನ ಕುಣಿಕೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ಆದರೆ ಗುಣಕ ತಿಳಿದ ಮಾತ್ರಕ್ಕೆ ಅಳತೆ ಸಿಗದು. ಬಿತ್ತುವ ಮುಂಚೆ ನೂರು ಬೀಜವನ್ನು ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ಪರೀಕ್ಷಿಸುತ್ತೀರಿ. ಅದೇ ರೀತಿ ಕೊಂಡ ಉಲ್ಲನ್ನಿನಲ್ಲಿ, ಬಳಸುವ ಕಡ್ಡಿಯಲ್ಲಿ, ಆರಿಸಿದ ವಿನ್ಯಾಸದಲ್ಲಿಯೇ ಸುಮಾರು 15 ಸೆಂ.ಮೀ. ಚೌಕದ ಒಂದು ಮಾದರಿ ತುಂಡನ್ನು ಹೆಣೆಯಿರಿ. ಅದನ್ನು ನೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಿ. ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ. ಒಗೆಯದೆ ಅಳೆದ ಅಳತೆಯನ್ನು ನಂಬಬಾರದು.

ಒಂದು ಉದಾಹರಣೆ ನೋಡೋಣ. ಮಗುವಿನ ಎದೆ ಸುತ್ತಳತೆ 56 ಸೆಂ.ಮೀ. ಸಡಿಲಕ್ಕೆ 4 ಸೇರಿಸಿದರೆ 60, ಬೆನ್ನಿನ ಭಾಗಕ್ಕೆ 30. ಮಾದರಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬಂದಿದ್ದರೆ 66 ಕುಣಿಕೆ ಬೇಕು. 6ರ ಗುಣಕಕ್ಕೆ 1 ಸೇರಿಸಿದರೆ 61 ಅಥವಾ 67, ಅಂಚಿನ ಎರಡು ಸೇರಿ 63 ಅಥವಾ 69. ಬೆಳೆಯುವ ಮಗುವಾದುದರಿಂದ 69 ಇಟ್ಟುಕೊಳ್ಳಿ. ಸುಮಾರು 31 ಸೆಂ.ಮೀ. ಬರುತ್ತದೆ. ಈಗ ನಿಮ್ಮ ಕೈ ಬಿಗಿಯಾಗಿದ್ದು 22ರ ಬದಲು 24 ಬರುತ್ತಿದೆ ಎಂದುಕೊಳ್ಳಿ. ಅದೇ 69 ಕುಣಿಕೆ 29 ಸೆಂ.ಮೀ.ಗಿಂತ ಕಡಿಮೆಯಾಗುತ್ತದೆ. ಹಿಂದು ಮುಂದು ಸೇರಿ ಸ್ವೆಟರ್ 5 ಸೆಂ.ಮೀ. ಕಿರಿದು! ಎರಡೇ ಕುಣಿಕೆಯ ಅಂತರ ಇಷ್ಟು ಮಾಡುತ್ತದೆ. ಹಾಗಿದ್ದರೆ ಕುಣಿಕೆ ಸಂಖ್ಯೆ ಬದಲಿಸುವ ಮುಂಚೆ ಒಂದು ನಂಬರು ದಪ್ಪದ ಕಡ್ಡಿಯಲ್ಲಿ ಇನ್ನೊಂದು ಮಾದರಿ ಹೆಣೆದು ನೋಡಿ.

ಸಾಲುಗಳಿಗೂ ಇದೇ ಕ್ರಮ, ವಿವರ ಬೇಡ. ಆದರೆ ವಿನ್ಯಾಸ ಬದಲಾದರೆ ಮಾದರಿಯೂ ಹೊಸದಾಗಿ ಬೇಕು. ಜಡೆ ವಿನ್ಯಾಸ ಬಟ್ಟೆಯನ್ನು ಒಳಕ್ಕೆ ಎಳೆದು ಹೆಚ್ಚು ಉಲ್ಲನ್ ನುಂಗುತ್ತದೆ; ರಂಧ್ರದ ವಿನ್ಯಾಸ ಅಗಲಕ್ಕೆ ಹರಡಿಕೊಳ್ಳುತ್ತದೆ.

ಆ ಮಾದರಿ ತುಂಡೇ ಉಲ್ಲನ್ನಿನ ತೂಕವನ್ನೂ ಹೇಳುತ್ತದೆ. ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿ. 15 ಸೆಂ.ಮೀ. ಚೌಕ, ಅಂದರೆ 225 ಚದರ ಸೆಂ.ಮೀ., 9 ಗ್ರಾಂ ತೂಗಿತೆನ್ನಿ. ಹಿಂದು ಮುಂದು ತಲಾ 31 ಅಗಲ 36 ಉದ್ದ, ತೋಳು ಸರಾಸರಿ 22 ಅಗಲ 28 ಉದ್ದವಾದರೆ ಒಟ್ಟು ಸುಮಾರು 3,460 ಚದರ ಸೆಂ.ಮೀ. ಅದಕ್ಕೆ 139 ಗ್ರಾಂ ಬೇಕು. ಕತ್ತು ಮತ್ತು ಹೊಲಿಗೆಗೆ ನೂರಕ್ಕೆ ಹದಿನೈದು ಸೇರಿಸಿದರೆ 160 ಗ್ರಾಂ. ಆದುದರಿಂದ ಮೊದಲು ಒಂದೇ ಉಂಡೆ ಕೊಂಡು ಮಾದರಿ ಹೆಣೆದು, ಬೆನ್ನಲ್ಲೇ ಉಳಿದುದನ್ನು ಒಟ್ಟಿಗೆ ತನ್ನಿ. ಪಟ್ಟಿಯ ಮೇಲಿನ ಬಣ್ಣದ ಲಾಟ್ ನಂಬರು ಮೊದಲ ಉಂಡೆಯದೇ ಇರಲಿ. ಲಾಟ್ ಬೇರೆಯಾದರೆ ತೋಳು ಒಂದು ಛಾಯೆ, ಮೈ ಒಂದು ಛಾಯೆ ಆಗುವುದುಂಟು.

ರಂಧ್ರದ ವಿನ್ಯಾಸ ಹೆಣೆಯುವವರಿಗೆ ಇನ್ನೊಂದು ಸೂಚನೆ. ನೂಲು ಸುತ್ತಿದ ಪ್ರತಿ ರಂಧ್ರಕ್ಕೂ ಒಂದು ಕುಣಿಕೆ ಹೆಚ್ಚುತ್ತದೆ. ಎರಡನ್ನು ಕೂಡಿಸಿ ಹೆಣೆದಲ್ಲಿ ಒಂದು ಇಳಿಯುತ್ತದೆ. ವಿನ್ಯಾಸದ ಒಂದು ಸುತ್ತು ಮುಗಿದಾಗಲೆಲ್ಲ ಎಣಿಸಿ. ಲೆಕ್ಕ ಸರಿಯಿದ್ದ ಸಾಲಿನ ಎಲ್ಲ ಕುಣಿಕೆಗಳೊಳಗೆ ದಬ್ಬಣದಿಂದ ಬೇರೆ ಬಣ್ಣದ ಹತ್ತಿಯ ದಾರವೊಂದನ್ನು ಪೋಣಿಸಿಡಿ. ಮುಂದೆ ತಪ್ಪಿದರೆ ಆ ದಾರದವರೆಗೆ ಮಾತ್ರ ಬಿಚ್ಚಿದರೆ ಸಾಕು.

ಮಾದರಿ ತುಂಡುಗಳನ್ನು ಎಸೆಯಬೇಡಿ. ಪುಸ್ತಕದ ಪುಟ, ಕಡ್ಡಿಯ ಮಿ.ಮೀ., 10 ಸೆಂ.ಮೀ.ಗೆ ಬಂದ ಕುಣಿಕೆ, ತೂಕ ಇಷ್ಟನ್ನು ಚೀಟಿಯಲ್ಲಿ ಬರೆದು ತುಂಡಿಗೆ ಹೊಲಿದಿಡಿ. ಜಿರಲೆ, ನುಸಿ ತಾಗದಂತೆ ಒಣಗಿದ ಬೇವಿನ ಎಲೆಯೊಂದಿಗೆ ಡಬ್ಬಿಯಲ್ಲಿ ಹಾಕಿ. ಮುಂದಿನ ವರ್ಷ ಅದೇ ಉಲ್ಲನ್ ಸಿಕ್ಕಿದರೆ ಆ ಚೀಟಿ ನೋಡಿಯೇ ಕುಣಿಕೆ ಹಾಕಬಹುದು.